ಅರಿಸಿನದ ನೀರು

ಬಸವನ ಬಾಗೇವಾಡಿ ಇನ್ನೂ ಎಂಟು ಮೈಲು ಇರುವಾಗ ಜೀಪಿನಲ್ಲಿ ಎಂಜಿನ್ನಿನ ಕಾವು ತೋರಿಸುವ ಮುಳ್ಳು ಕೊನೆ ಮುಟ್ಟಿತು. ಮೋದಿನಸಾಬ ಅದನ್ನು ನೋಡಿಯೂ ನೋಡದವನಂತೆ ಮತ್ತೊಂದು ಫರ್ಲಾಂಗು ಓಡಿಸಿದ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಉಗಿ ಎದ್ದು ಗಾಜಿಗೆ ಬಡಿಯಿತು. ಎಂಜಿನ್ನು ಎರಡು ಸಲ ಮುಗ್ಗರಿಸಿ ನಿಂತಿತು. ಹಿಂದೆ ಹಾಸಿದ ಕೌದಿಯ ಮೇಲೆ ಶಂಕ್ರೆವ್ವ ನರಳುತ್ತಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ನಿನ್ನೆ ಮಧ್ಯಾಹ್ನದಿಂದ ಬೇನೆ ತಿನ್ನುತ್ತಿದ್ದಳು. ಸೂಲಗಿತ್ತಿ ಬೆಳಿಗ್ಗೆ ಕೈಚೆಲ್ಲಿ, ಇನ್ನು ತಡಮಾಡದೆ ದವಾಖಾನೆಗೆ ಒಯ್ಯಿರಿ ಎಂದಿದ್ದಳು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಸ್ತೂರೆವ್ವ ಕುಳಿತಿದ್ದಳು. ಮುಂದಿನ ಸೀಟಿನಲ್ಲಿ ಅವಳ ಗಂಡ, ಜೀಪಿನ ಧಣಿ ಬಸಂತರಾಯ.

ಮೋದಿನಸಾಬ ಬಾನೆಟ್ಟು ಎತ್ತಿದ. ರೇಡಿಯೇಟರಿನ ಬುಡದ ಬೆಸುಗೆ ಬಿಟ್ಟು ನೀರೆಲ್ಲ ರಸ್ತೆಗೆ ಸುರಿದುಹೋಗಿತ್ತು. ಸೀಟಿನ ಕೆಳಗಿದ್ದ ನೀರಿನ ಡಬ್ಬಿ ತಂದು ನೆಲಕ್ಕಿಟ್ಟ. ಆದರೆ ಅದರ ಮುಚ್ಚಳ ತೆಗೆಯಲಿಲ್ಲ.

"ನೀರು ಐತಲ್ಲ, ಹಾಕು," ಎಂದ ಬಸಂತರಾಯ.

"ಈಗ ಬ್ಯಾಡ್ರಿ ಧಣ್ಯಾರ. ಕಾದ ಎಂಜಿನ್ನಿಗಿ ತಣ್ಣೀರು ಬಿದ್ರ ಸೀಳತೈತಿ. ಆಮ್ಯಾಲ ಗಾಡಿ ಏಳೂದ ಇಲ್ಲ. ಅರ್ಧಾ ತಾಸರ ಆರಬೇಕ್ರಿ."

ಬಸಂತರಾಯ ರಸ್ತೆಯ ಎರಡೂ ಕಡೆ ನೋಡಿದ. ಮುದ್ದೇಬಿಹಾಳದ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಉಳುಮೆಯಾದ ಎರೆಹೊಲಗಳ ನಡುವೆ ಒಂದು ಚಕ್ಕಡಿಯೂ ಕಾಣಲಿಲ್ಲ. ಮಗಳ ಹಣೆಗೆ ಬಟ್ಟೆ ಒದ್ದೆ ಮಾಡಿಕೊಳ್ಳಲು ಕಸ್ತೂರೆವ್ವ ಕೆಳಗಿಳಿದು ಬಂದಳು. ಜೀಪಿನ ಮೂತಿಯ ಕೆಳಗೆ, ಮಣ್ಣಿನಲ್ಲಿ ನಿಂತ ನೀರು ಹಳದಿಯಾಗಿತ್ತು. ಅವಳು ಬಗ್ಗಿ, ಬೆರಳಿನ ತುದಿ ಅದ್ದಿ ಮೂಸಿದಳು. ಎರಡು ತಿಂಗಳಿಂದ ಮೋದಿನಸಾಬ ವಾರಕ್ಕೊಮ್ಮೆ ಅಡುಗೆಮನೆಯ ಬಾಗಿಲಿಗೆ ಬಂದು, ಕೈಗೆ ತಗಡು ಕೊಯ್ದಿದೆ, ಕಾಲಿಗೆ ಮುಳ್ಳು ನಟ್ಟಿದೆ ಎಂದು ಒಂದು ಹಿಡಿ ಅರಿಸಿನ ಇಸಿದುಕೊಂಡು ಹೋಗುತ್ತಿದ್ದ. ಪಾಪ, ದುಡಿಯುವ ಕೈ ಎಂದು ಅವಳೂ ಕೊಡುತ್ತಿದ್ದಳು.

"ಅರಿಷಿಣ ಇದಕ್ಕೇನೋ, ಮೋದಿನಾ?"

"ಹೌದ್ರಿ ಅವ್ವಾರ. ಸಣ್ಣ ತೂತು ಇದ್ರ ಮುಚ್ಚತೈತಿ."

ಉಳಿದದ್ದನ್ನು ಯಾರೂ ಕೇಳದಿದ್ದರೂ ಅವನೇ ಹೇಳಿದ. ಬೆಸುಗೆ ಬಿಡಲು ಹತ್ತಿದ್ದು ಶಿವರಾತ್ರಿಯ ಸುಮಾರಿಗೆ. ಅಂದಿನಿಂದ ದಿನಾ ಮನೆಯವರು ಏಳುವ ಮೊದಲೇ ನೀರು ತುಂಬಿಸಿಡುತ್ತಿದ್ದ. ಹೋದ ವರ್ಷ ಗೇರುಪೆಟ್ಟಿಗೆ ಮುರಿದಾಗ, ಇನ್ನೊಮ್ಮೆ ಕೆಟ್ಟರೆ ಇದನ್ನು ಗುಜರಿಗೆ ಹಾಕಿ ಬಸ್ಸಿನಲ್ಲಿ ಅಡ್ಡಾಡುತ್ತೇನೆ ಎಂದು ಧಣಿ ಅಂದುಬಿಟ್ಟಿದ್ದ. ಮೋದಿನಸಾಬ ಈ ಜೀಪಿನ ಚಕ್ರ ಹಿಡಿದು ಹದಿನಾಲ್ಕು ವರ್ಷ. ಜೀಪಿನಿಂದ ಇಳಿದರೆ ಅವನು ಊರಿಗೆ ಬರೀ ಮೋದಿನ. ಏರಿ ಕುಳಿತರೆ ಡ್ರೈವರ್ ಸಾಹೇಬ. ಈ ಕೊನೆಯ ಮಾತನ್ನು ಮಾತ್ರ ಅವನು ಬಾಯಿಬಿಟ್ಟು ಹೇಳಲಿಲ್ಲ.

ಬಸಂತರಾಯ ಹೋಗಿ ಬೆನ್ನು ತಿರುಗಿಸಿ ಮೈಲುಗಲ್ಲಿನ ಮೇಲೆ ಕುಳಿತ. ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು ಎನಿಸಿತು ಮೋದಿನಸಾಬನಿಗೆ. ಒಳಗಿನಿಂದ ಶಂಕ್ರೆವ್ವ ಕ್ಷೀಣವಾಗಿ, "ಕಾಕಾ, ಯಾಕ ನಿಂತೀವಿ?" ಎಂದಳು. ಅವಳನ್ನು ಇದೇ ಜೀಪಿನಲ್ಲಿ ಮುದ್ದೇಬಿಹಾಳದ ಸಾಲೆಗೆ ಏಳು ವರ್ಷ ಕರೆದೊಯ್ದವನು ಅವನು. ಎಂಜಿನ್ನು ಆರಲಿ ಅಂತ ನಿಂತಿದ್ದೇವೆ ಎಂದು ಕಸ್ತೂರೆವ್ವನೇ ಮಗಳನ್ನು ಸಮಾಧಾನಪಡಿಸಿದಳು. ಮೋದಿನಸಾಬ ಗಳಿಗೆಗೊಮ್ಮೆ ಕಬ್ಬಿಣದ ಮೇಲೆ ಅಂಗೈ ಇಟ್ಟು ನೋಡಿದ. ಆರುವ ಮುಂಚೆಯೇ ಇಟ್ಟು ಇಟ್ಟು ಅಂಗೈ ಬೊಬ್ಬೆ ಎದ್ದಿತು.

ಕಡೆಗೊಮ್ಮೆ ಕೈ ತಡೆಯುವಷ್ಟು ಆರಿತು. ಅವನು ನೀರನ್ನು ಸಣ್ಣಗೆ, ಕೂಸಿಗೆ ಹಾಲು ಹಾಕುವವರಂತೆ ಹಾಕಿದ. ಎಂಜಿನ್ನು ಹಿಡಿಯಿತು. ದಾರಿಯಲ್ಲಿ ಒಂದು ಬಾವಿಯ ಹತ್ತಿರ ಮತ್ತೆ ನಿಂತು ತುಂಬಿಸಿಕೊಂಡು, ಬಾಗೇವಾಡಿಯ ದವಾಖಾನೆ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಶಂಕ್ರೆವ್ವನನ್ನು ಒಳಗೆ ಒಯ್ದರು. ಮೋದಿನಸಾಬ ಕಾಂಪೌಂಡಿನ ಗೋಡೆಗೆ ಆತು ನಿಂತ, ಕೂಡ್ರಲು ಮನಸ್ಸಾಗಲಿಲ್ಲ.

ಎರಡು ತಾಸಿನ ಮೇಲೆ ಬಸಂತರಾಯ ಹೊರಗೆ ಬಂದ.

"ಹುಡುಗಿ ಉಳದಾಳ," ಎಂದ. ಕೂಸು ಉಳಿಯಲಿಲ್ಲ ಎಂದ. ಆಮೇಲೆ ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದ. ಬೇನೆ ಸುರುವಾಗುವ ಮೊದಲೇ ಕೂಸು ಹೊಟ್ಟೆಯಲ್ಲಿ ತೀರಿಕೊಂಡಿತ್ತಂತೆ. ಮೈಯ ಚರ್ಮ ಸುಲಿಯಲು ಹತ್ತಿತ್ತಂತೆ. ನಿನ್ನೆಯೇ ಕರೆತಂದಿದ್ದರೂ ಅದು ಬದುಕುತ್ತಿರಲಿಲ್ಲವಂತೆ. ಸಮಾಧಾನಕ್ಕೆ ಸುಳ್ಳು ಹೇಳುವ ಮನುಷ್ಯನಲ್ಲ ಬಸಂತರಾಯ. ಅದು ಮೋದಿನಸಾಬನಿಗೆ ಹದಿನಾಲ್ಕು ವರ್ಷದಿಂದ ಗೊತ್ತು.

"ನಿನ್ನ ಮ್ಯಾಲ ಏನೂ ಇಲ್ಲೋ ಮೋದಿನ. ಹೋಗು, ಮಾರಿ ತೊಳಕೊಂಡು ಒಂದು ಕಪ್ ಚಾ ಕುಡದು ಬಾ."

ಮೋದಿನಸಾಬ ಕದಲಲಿಲ್ಲ.

"ಕೂಸಿಂದು ನನಗ ಗೊತ್ತಿರಲಿಲ್ರಿ, ಧಣ್ಯಾರ."

"ಯಾರಿಗೂ ಗೊತ್ತಿರಲಿಲ್ಲ."

"ಜೀಪಿಂದು ಗೊತ್ತಿತ್ರಿ," ಎಂದು ಮೋದಿನಸಾಬ ಬೊಬ್ಬೆ ಎದ್ದ ಅಂಗೈಯಲ್ಲಿ ಕೀಲಿಕೈ ಇಟ್ಟು ಧಣಿಯ ಮುಂದೆ ಚಾಚಿದ.