ಉತ್ತಯ್ಯನ ಹಳೇ ಬೈಕು

"ಎಂಜಿನ್ ಬಿಚ್ಚಿಸಿ ಸಾರ್. ಒಳಗೆ ಏನೇನಿದೆ ಅಂತ ನಂಗೊತ್ತು. ಹೋದ ವರ್ಷ ಆ ಬೈಕನ್ನ ಇವಳಿಗೆ ಮಾರಿದ್ದೇ ನಾನು."

ಮಣ್ಣುಹಾದಿಯ ರೇಸಿನಲ್ಲಿ ಎರಡನೆಯವನಾಗಿ ಬಂದಿದ್ದ ಉತ್ತಯ್ಯ ಬೈಕು ತಪಾಸಣೆಯ ಪರೀಕ್ಷಕರಿಗೆ ಅಡ್ಡ ನಿಂತಿದ್ದ. ವೃತ್ತಿಪರ ರೇಸ್ ತಂಡವೊಂದರಲ್ಲಿ ಜಾಗ ಸಿಗುವುದು ಈ ರೇಸು ಗೆದ್ದವರಿಗೆ ಮಾತ್ರ. ನಲವತ್ತು ದಾಟಿದವನಿಗಾಗಿ ಇನ್ನೊಂದು ವರ್ಷ ಯಾರೂ ಕಾಯುವುದಿಲ್ಲ.

ಲವೀನಾ ಗೆದ್ದದ್ದು ಅವನದೇ ಹಳೆಯ ಟೂ-ಸ್ಟ್ರೋಕ್ ಬೈಕಿನಲ್ಲಿ. ಈ ರೇಸಿನಲ್ಲಿ ಕಂಪನಿ ಕೊಟ್ಟ ಎಂಜಿನ್ನಿಗೆ ಕೈ ಹಚ್ಚುವಂತಿರಲಿಲ್ಲ. ಅವನಾದರೋ ಬೇರೆ ರೇಸುಗಳಲ್ಲಿ ವೇಗ ಹೆಚ್ಚಲೆಂದು ಅದರ ಸಿಲಿಂಡರಿನ ಕಿಂಡಿಗಳನ್ನು ಅರದಿಂದ ಉಜ್ಜಿ ಹಿಗ್ಗಿಸಿದ್ದ, ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡನ್ನು ಸವೆಸಿ ತೆಳುವಾಗಿಸಿದ್ದ. ಅಷ್ಟೆಲ್ಲ ಮಾಡಿಯೂ ಒಂದು ಸಲವೂ ಗೆದ್ದಿರಲಿಲ್ಲ.

ಪರೀಕ್ಷಕರು ಸಿಲಿಂಡರು ಕಳಚಿ, ಟಾರ್ಚ್ ಬಿಟ್ಟು, ಅಳತೆ ಹಿಡಿದು ನೋಡಿದರು.

"ಅರದ ಗುರುತೇ ಇಲ್ವಲ್ರೀ. ಎಲ್ಲಾ ಕಂಪನಿ ಅಳತೇನೇ."

"ಸರಿಯಾಗಿ ನೋಡಿ ಸಾರ್, ಕೈ ಮುಗೀತೀನಿ!"

ಉತ್ತಯ್ಯ ಕೆಸರಿನಲ್ಲೇ ಮಂಡಿಯೂರಿ, ಸಿಲಿಂಡರಿನೊಳಗೆ ತಾನೇ ಬೆರಳಾಡಿಸಿದ. ಅವನು ಉಜ್ಜಿದ್ದ ಒಂದು ಅಂಚೂ ಬೆರಳಿಗೆ ಸಿಗಲಿಲ್ಲ. ಕಣ್ಣು ತುಂಬಿಕೊಂಡು ಲವೀನಾಳ ಕಡೆ ತಿರುಗಿದ.

"ನನ್ನ ಗಾಡಿಗೆ ಏನಮ್ಮ ಮಾಡ್ದೆ? ಏನ್ ಮಾಡಿ ಗೆದ್ದೆ, ಅದನ್ನಾದ್ರೂ ಹೇಳು."

ಅವಳು ಹೆಲ್ಮೆಟ್ಟನ್ನು ನಿಧಾನವಾಗಿ ಕೆಳಗಿಟ್ಟಳು.

"ಹೊಸದಾಗಿ ಏನೂ ಮಾಡಿಲ್ಲ ಅಣ್ಣ. ಸಿಲಿಂಡರು, ಹೆಡ್ಡು ಕಂಪನಿಯದ್ದೇ ಹಾಕಿಸಿ, ನೀವು ಮಾಡಿದ್ದನ್ನೆಲ್ಲ ತೆಗೆಸಿ ಹಾಕ್ದೆ, ಅಷ್ಟೇ."