ಮುಟ್ಟದ ಮೋಟರ್

"ಅಂದ ಹಾಗೆ, ಆ ಮೋಟರ್ ನನ್ನದಲ್ವೇನಪ್ಪ?" ಎಂದರು ದಂತವೈದ್ಯರು, ಕೈ ಕುಲುಕಿ ಅಭಿನಂದಿಸಿದ ಅರ್ಧ ನಿಮಿಷಕ್ಕೆ.

ಶಾಲಾ ವ್ಯಾನಿನ ಡ್ರೈವರ್ ಅಂಗೈಯಗಲದ ಬಹುಮಾನದ ಕಪ್ಪನ್ನು ಎದೆಗೆ ಒತ್ತಿಕೊಂಡ. ಕ್ಲಬ್ಬಿನ ರಿಮೋಟ್ ಕಾರು ರೇಸಿನಲ್ಲಿ ಐದು ವರ್ಷ ಕೊನೆಯಿಂದ ಎರಡನೆಯವನಾಗಿ ಬಂದವನು ಅಂದು ಮೊದಲ ಸಲ ಗೆದ್ದಿದ್ದ. ಅದೂ ಸ್ವಂತ ಷಡ್ಡಕರಾದ ಈ ದಂತವೈದ್ಯರನ್ನೇ ಹಿಂದೆ ಹಾಕಿ.

ದಂತವೈದ್ಯರ ಮಾತು ಸುಳ್ಳಲ್ಲ. ಅವರು ವರ್ಷಕ್ಕೊಮ್ಮೆ ಒಂದೇ ಜಾತಿಯ ಎಂಟು ಮೋಟರ್ ತರಿಸಿ, ಒಂದೊಂದನ್ನೂ ಅಳೆಯುವ ಯಂತ್ರಕ್ಕೆ ಕಟ್ಟಿ, ಟಾರ್ಕ್ ಎಷ್ಟು, ವೇಗ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಅತ್ಯುತ್ತಮವಾದದ್ದನ್ನು ಇಟ್ಟುಕೊಳ್ಳುತ್ತಿದ್ದರು. ಫೇಲಾದ ಏಳು ಬಿಸ್ಕತ್ತಿನ ಡಬ್ಬಿ ಸೇರಿ ಹೆಂಡತಿಯ ತಂಗಿಯ ಮನೆಗೆ ಬರುತ್ತಿದ್ದವು. "ನೀನು ಕಲಿಯೋಕೆ ಇಷ್ಟು ಸಾಕು" ಎಂಬ ಆಶೀರ್ವಾದದ ಸಮೇತ.

"ಟೈಮಿಂಗ್ ಎಷ್ಟಕ್ಕೆ ಇಟ್ಟಿದ್ದೆ?"

"ಮುಟ್ಟೇ ಇಲ್ಲ ಭಾವ. ಅದರ ಮುಚ್ಚಳ ಬಿಚ್ಚೋವಷ್ಟು ಸಣ್ಣ ಸ್ಕ್ರೂಡ್ರೈವರ್ ನನ್ನ ಹತ್ರ ಇಲ್ಲ."

ದಂತವೈದ್ಯರು ಕಣ್ಣು ಮುಚ್ಚಿದರು. ಮೋಟರಿನ ಹಿಂದಿನ ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಟೈಮಿಂಗ್ ಮುಂದಾಗುತ್ತದೆ. ಆಗ ನೇರ ದಾರಿಯಲ್ಲಿ ಕಾರು ಹಾರುತ್ತದೆ. ಆದರೆ ತಿರುವಿನಿಂದ ಎದ್ದು ಬರುವ ಕಸುವು, ಅಂದರೆ ಟಾರ್ಕ್, ಇಳಿಯುತ್ತದೆ, ಮೋಟರ್ ಕಾದು ಬಿಸಿಯಾಗುತ್ತದೆ. ಇದೆಲ್ಲ ಅವರಿಗೆ ಬಾಯಿಪಾಠ. ಆದರೂ ರೇಸಿನ ದಿನ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಅಂದೂ ಮೂರು ಸಲ ತಿರುಗಿಸಿದ್ದರು. ಕೊನೆಯ ಸುತ್ತಿನಲ್ಲಿ ಕಾರು ಹೊಗೆ ಬಿಟ್ಟಿತ್ತು.

"ಹಾಗಾದ್ರೆ ನಾನು ಅಳೆಯೋದ್ರಲ್ಲೇ ಎಲ್ಲೋ ತಪ್ಪಾಗಿದೆ. ಸಂಜೆ ತಂದ್ಕೊಡು."

ಮನೆಯಲ್ಲಿ ಡ್ರೈವರನ ಹೆಂಡತಿ ಹಿಂದೆಮುಂದೆ ನೋಡಲಿಲ್ಲ. "ಕೊಟ್ಟುಬಿಡಿ. ಅಕ್ಕನ ಮನೆ, ನಾಳೆ ಮುಖ ನೋಡ್ಬೇಕು."

"ಐದು ವರ್ಷಕ್ಕೆ ಒಂದ್ಸಲ ಗೆದ್ದಿದ್ದೀನಿ ಕಣೇ."

"ಗೆದ್ದಿದ್ದು ನೀವಾದ್ರೆ ಮೋಟರ್ ಕೊಡೋಕೇನು ಕಷ್ಟ?"

ಈ ಪ್ರಶ್ನೆ ಅವನಿಗೂ ಬಂದಿತ್ತು. ಉತ್ತರ ಹುಡುಕುವ ಧೈರ್ಯವಿರಲಿಲ್ಲ. ಗೆದ್ದ ಮೋಟರನ್ನು ಕಾರಿನಿಂದ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ ಬೀರುವಿನೊಳಗಿಟ್ಟ. ಡಬ್ಬಿಯಿಂದ ಕೈಗೆ ಸಿಕ್ಕ ಇನ್ನೊಂದನ್ನು ತೆಗೆದು, ಓಡಿದಂತೆ ಕಾಣಲೆಂದು ಅದಕ್ಕೆ ಒಂದಿಷ್ಟು ಧೂಳು ಸವರಿ, ಭಾವನ ಮನೆಗೆ ಹೊರಟ.

ದಂತವೈದ್ಯರು ಅದನ್ನು ಯಂತ್ರಕ್ಕೆ ಕಟ್ಟಿ ಕಿವಿಗೊಟ್ಟರು. ಯಂತ್ರ ತೋರಿಸಿದ ಅಂಕಿ ಹಳೆಯದೇ, ಫೇಲಾದದ್ದೇ. ಅವರು ಅದರತ್ತ ತಿರುಗಿಯೂ ನೋಡಲಿಲ್ಲ.

"ಕೇಳಿಸ್ಕೋ. ಇದೇ ಅದು! ಮೂವತ್ತು ವರ್ಷ ಡ್ರಿಲ್ ಶಬ್ದ ಕೇಳಿದ ಕಿವಿ ಕಣಪ್ಪ, ಮೋಸ ಹೋಗಲ್ಲ. ಈ ಯಂತ್ರಕ್ಕೆ ವಯಸ್ಸಾಯ್ತು ಅಷ್ಟೇ."

ಡ್ರೈವರ್ ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ ಬಾಯಿ ಬಿಟ್ಟು ಸುಖಪಟ್ಟವರು ಕಡಿಮೆ.

ಮುಂದಿನ ಭಾನುವಾರ ಬೀರುವಿನ ಮೋಟರ್ ಹಾಕಿದ ಅವನ ಕಾರು ಹೋದ ಸಲದಂತೆಯೇ ಪ್ರತಿ ತಿರುವಿನಿಂದಲೂ ಚಂಗನೆ ಎದ್ದು ಬಂತು. ಧೂಳು ಸವರಿದ ಆ ಮೋಟರ್ ಹಾಕಿದ ದಂತವೈದ್ಯರದೂ ಹಾಗೆಯೇ ಬಂತು. ಹೊಗೆ ಇಲ್ಲ, ಮುಗ್ಗರಿಸಿದ್ದಿಲ್ಲ. ಕೊನೆಗೆ ಒಂದು ಕಾರಿನುದ್ದದಷ್ಟು ಮುಂದಿದ್ದು ಅವರೇ ಗೆದ್ದರು.

ಡ್ರೈವರ್ ತನ್ನ ಕಾರನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿರ ಬಂದ. "ಟೈಮಿಂಗ್ ಎಷ್ಟಕ್ಕೆ ಇಟ್ಟಿದ್ರಿ ಭಾವ?"

"ಹುಚ್ಚಪ್ಪ! ಗೆದ್ದ ಮೋಟರನ್ನ ಯಾರಾದ್ರೂ ಮುಟ್ತಾರಾ?" ಎಂದು ಅವರು ಅವನ ಬೆನ್ನು ತಟ್ಟಿದರು.

ಸೋಮವಾರ ಮಕ್ಕಳನ್ನು ಶಾಲೆಗೆ ಇಳಿಸಿದ ಮೇಲೆ ಖಾಲಿ ವ್ಯಾನು ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತಿತು.

"ನಿಮ್ಮ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಸಣ್ಣ ಸ್ಕ್ರೂಡ್ರೈವರ್ ಕೊಡಿ."

"ಏನು ಕೆಟ್ಟಿದೆ?" ಎಂದು ಅಂಗಡಿಯವನು ಕೇಳಿದ.

"ಏನೂ ಕೆಟ್ಟಿಲ್ಲ," ಎಂದ ಡ್ರೈವರ್.