ಪಲ್ಲವಿಗೆ ಮುಂಚಿನ ಓಟ

ಪಲ್ಲವಿ ಬರುವ ಮುಂಚೆ ಮೊರಿಯೊ ತಾಳದ ವೇಗ ಹೆಚ್ಚಿಸಿ ಡ್ರಮ್ಸನ್ನು ಓಡಿಸುತ್ತಾನೆ ಎಂದು ಕೀಬೋರ್ಡಿನ ಸೋಜಿ ಬೈದ ದಿನವೇ ಟೋಕಿಯೋದ ಅವರ ಎಲೆಕ್ಟ್ರಾನಿಕ್ ರಾಕ್ ತಂಡ ಒಡೆದಿತ್ತು. ಹದಿನೈದು ವರ್ಷದ ಮೇಲೆ ಒಂದಾಗಿ ಹೊಸ ಆಲ್ಬಂ ಮಾಡುವಾಗ ಮೊರಿಯೊನ ಕೈ ನಡುಗುತ್ತಿತ್ತು. ಅದನ್ನು ಕಂಡ ಸೋಜಿ, ಅವನು ನುಡಿಸಿದ್ದನ್ನು ಪೂರ್ತಿ ಕೇಳದೆಯೇ ಅಳಿಸಿ, ಗುಟ್ಟಾಗಿ ಯಂತ್ರದ ತಾಳ ಕೂರಿಸಿದ. ಅನುಮಾನ ಬಾರದಿರಲೆಂದು ಆ ಹಳೆಯ ಓಟವನ್ನೂ ಸೇರಿಸಿದ.

ಸಿದ್ಧವಾದ ಹಾಡನ್ನು ಮೊರಿಯೊ ಕಣ್ಣು ಮುಚ್ಚಿ ಕೇಳಿದ. ಸೋಜಿಗೆ ಅವನ ಮುಖ ನೋಡಲಾಗಲಿಲ್ಲ.

"ಹೇಗಿದೆ?"

"ಚೆನ್ನಾಗಿದೆ. ನುಡಿಸಿದ್ದು ಯಾರು?"

"ನೀನೇ ಕಣೋ! ಪಲ್ಲವಿಗೆ ಮುಂಚೆ ಓಡೋದು ಕೇಳಿಸಲಿಲ್ವಾ?"

"ಕೇಳಿಸ್ತು. ನೀನು ಬೈದ ಮೇಲೆ ನಾನು ಒಂದು ಸಲಾನೂ ಹಾಗೆ ಓಡಿಸಿಲ್ಲ ಕಣೋ."